ಬೆಟ್ಟಕ್ಕೆ ಬೆನ್ನು ಹಾಕಿದ ಹಾದಿ

ಕ್ರೀಟ್ ದ್ವೀಪದ ನೈಋತ್ಯ ಕರಾವಳಿಯಲ್ಲಿ ಹೋರಾ ಸ್ಫಾಕಿಯೋನ್ ಎಂಬ ಪುಟ್ಟ ಬಂದರಿನಿಂದ ಆಯಿಯಾ ರುಮೇಲಿ ಎಂಬ ಹಳ್ಳಿಯವರೆಗೆ ಸುಮಾರು 20 ಕಿಲೋಮೀಟರ್ ಉದ್ದದ ಕಾಲುಹಾದಿಯೊಂದಿದೆ. ಪಶ್ಚಿಮಕ್ಕೆ ಮುಖಮಾಡಿ ನಡೆದರೆ ಎಡಕ್ಕೆ ಲಿಬಿಯಾ ಸಮುದ್ರ, ಬಲಕ್ಕೆ ಲೆಫ್ಕಾ ಓರಿ ಎಂಬ ಬಿಳಿಯ ಬೆಟ್ಟಸಾಲು. ಈ ಸಾಲಿನ ಅತಿ ಎತ್ತರದ ಶಿಖರ ಪಾಖ್ನೆಸ್ 2,453 ಮೀಟರ್. ಅದು ಕಡಲಿನಿಂದ ಹತ್ತು ಕಿಲೋಮೀಟರ್ ಆಸುಪಾಸಿನಲ್ಲೇ ನಿಂತಿದೆ. ಅಷ್ಟು ಎತ್ತರ ಅಷ್ಟು ಕಡಿಮೆ ದೂರದಲ್ಲಿ ನೀರಿಗಿಳಿಯುವಾಗ ನಡುವೆ ಬಯಲಿಗೆ ಜಾಗ ಉಳಿಯುವುದಿಲ್ಲ. ಬಯಲಿಲ್ಲದ ಕಡೆ ರಸ್ತೆಯೂ ಸುಲಭಕ್ಕೆ ಬರುವುದಿಲ್ಲ. ಹೀಗಾಗಿ ಈ ದಂಡೆಯ ಲೂತ್ರೊ ಮತ್ತು ಆಯಿಯಾ ರುಮೇಲಿ ಹಳ್ಳಿಗಳನ್ನು ಇವತ್ತಿಗೂ ದೋಣಿಯಲ್ಲಿ ಇಲ್ಲವೇ ನಡೆದು ಮುಟ್ಟಬೇಕು.

ಯುರೋಪಿನ ಚಾರಣಿಗರು ಈ ಹಾದಿಯನ್ನು ಬಹಳ ಹೊಗಳುತ್ತಾರೆ. ಮೆಡಿಟರೇನಿಯನ್ ತೀರದ ಅತ್ಯುತ್ತಮ ನಡಿಗೆಗಳ ಮಾತು ಬಂದಾಗಲೆಲ್ಲ ಇದರ ಹೆಸರೂ ಬರುತ್ತದೆ. ಆ ಹೊಗಳಿಕೆಗೆ ನನ್ನ ತಕರಾರಿಲ್ಲ. ಆದರೆ ಹೊಗಳುವವರು ಕೊಡುವ ಕಾರಣ ಅರೆಬರೆಯದು ಎಂಬುದು ನನ್ನ ವಾದ. ನೀಲಿ ನೀರು, ನಿರ್ಜನ ದಂಡೆ, ಮನುಷ್ಯನ ಕೈ ಮುಟ್ಟದ ಕಾಡುತನ ಎಂಬ ಮೂರು ಮಾತುಗಳಲ್ಲಿ ಮೊದಲನೆಯದು ನಿಜ, ಎರಡನೆಯದು ಋತುವಿಗೆ ತಕ್ಕಂತೆ ನಿಜ, ಮೂರನೆಯದು ಪೂರ್ತಿ ತಪ್ಪು. ಇಲ್ಲಿನ ಒಂದೊಂದು ಇಳಿಜಾರಿನಲ್ಲೂ ಯಾರೋ ಮೇಕೆ ಮೇಯಿಸಿದ್ದಾರೆ, ಕಲ್ಲು ಪೇರಿಸಿ ಗೋಡೆ ಕಟ್ಟಿದ್ದಾರೆ, ಜೇನುಪೆಟ್ಟಿಗೆ ಇಟ್ಟಿದ್ದಾರೆ. ಅವರ ಓಡಾಟ ಯಾವ ದಿಕ್ಕಿನದು ಎಂದು ಕೇಳದೆ ಈ ಹಾದಿಯ ಬೆಲೆ ಕಟ್ಟಲಾಗದು.

ಕಾಲುಹಾದಿಯನ್ನು ವಿಮರ್ಶೆಗೆ ಒಡ್ಡಬಹುದೇ ಎಂದು ಕೆಲವರು ಕೇಳಬಹುದು. ಖಂಡಿತ ಒಡ್ಡಬಹುದು. ಹಾದಿ ಎಂದರೆ ಯಾರೋ ಆಯ್ದುಕೊಂಡ ಒಂದು ಗೆರೆ. ಈ ಬಂಡೆಯ ಮೇಲಿನಿಂದ ಹೋಗಬೇಕೋ ಕೆಳಗಿನಿಂದಲೋ, ಹಳ್ಳಿಯ ಒಳಗೆ ಹಾಯಬೇಕೋ ಹೊರಗೋ, ಎಲ್ಲಿ ಗುರುತು ಹಾಕಬೇಕು, ಎಲ್ಲಿ ಬಿಡಬೇಕು ಎಂಬುದೆಲ್ಲ ತೀರ್ಮಾನಗಳು. ಸ್ಫಾಕಿಯಾ ಎಂಬ ಈ ನಾಡಿನ ಹಾದಿಗೆ ಸಂಬಂಧಿಸಿದ ತೀರ್ಮಾನಗಳಲ್ಲಿ ಒಂದು ದೊಡ್ಡದು ಇತ್ತೀಚಿನದು: ಇ4 ಎಂಬ ಯುರೋಪಿನ ದೂರಹಾದಿಯ ತುಂಡಾಗಿ ಇದನ್ನು ಗುರುತಿಸಿದ್ದು. 1969ರಲ್ಲಿ ಹುಟ್ಟಿದ ಯುರೋಪಿನ ಪಾದಯಾತ್ರಿಕರ ಒಕ್ಕೂಟ ರೂಪಿಸಿದ ಹಾದಿಗಳಲ್ಲಿ ಇ4 ಒಂದು. ಸ್ಪೇನ್‌ನಿಂದ ಹೊರಟು, ಆಲ್ಪ್ಸ್ ಮತ್ತು ಬಾಲ್ಕನ್ ನಾಡುಗಳನ್ನು ದಾಟಿ, ಕ್ರೀಟ್‌ನಲ್ಲಿ ಪಶ್ಚಿಮದ ಕಿಸಾಮೊಸ್‌ನಿಂದ ಪೂರ್ವದ ಕಾತೊ ಝಾಕ್ರೊಸ್‌ವರೆಗೆ ಹರಿದು, ಸೈಪ್ರಸ್‌ನಲ್ಲಿ ಅದು ಮುಗಿಯುತ್ತದೆ. ಒಟ್ಟು ಉದ್ದ 10,000 ಕಿಲೋಮೀಟರಿಗೂ ಹೆಚ್ಚು. ಹಳದಿ ಮತ್ತು ಕಪ್ಪು ಬಣ್ಣದ ಕಂಬ, ಫಲಕಗಳು ಅದರ ಗುರುತು. ಭೂಪಟದ ಮೇಲೆ ಒಂದು ಖಂಡವನ್ನು ಅಡ್ಡಡ್ಡ ಹಾಯುವ ಈ ಗೆರೆ ಸ್ಫಾಕಿಯಾವನ್ನೂ ಅಡ್ಡಡ್ಡವಾಗಿಯೇ ಹಾಯಿತು. ನನ್ನ ಪ್ರಕಾರ ಈ ಹಾದಿಯ ಸೊಗಸೂ ದೋಷವೂ ಹುಟ್ಟಿದ್ದು ಇಲ್ಲಿಂದ.

ಏಕೆಂದರೆ ಸ್ಫಾಕಿಯಾದ ಬದುಕು ಅಡ್ಡಡ್ಡ ನಡೆದದ್ದಲ್ಲ. ಮೇಲೆ ಕೆಳಗೆ ನಡೆದದ್ದು. ಬೇಸಿಗೆಯಲ್ಲಿ ಕುರಿ ಮೇಕೆಗಳು ಬೆಟ್ಟದ ನೆತ್ತಿಯ ಹುಲ್ಲಿಗೆ ಹೋಗುತ್ತವೆ, ಚಳಿ ಬಿದ್ದಾಗ ಕಡಲ ದಂಡೆಗೆ ಇಳಿಯುತ್ತವೆ. ಸುಮಾರು 600 ಮೀಟರ್ ಎತ್ತರದ ಅನೋಪೊಲಿ ಊರಿಗೆ ಅದರ ಕಾಲಬುಡದ ಲೂತ್ರೊ ಬಂದರಾಗಿತ್ತು, ಚಳಿಗಾಲದ ಬಿಡಾರವೂ ಆಗಿತ್ತು. ಆಯಿಯೊಸ್ ಇಯೋಆನ್ನಿಸ್ ಎಂಬ ಬೆಟ್ಟದ ಹಳ್ಳಿಯಿಂದ ಸೆಲೂದಾ ಎಂಬ ಕಲ್ಲುಹಾಸಿನ ದಾರಿ ಬಂಡೆಗೋಡೆಯಲ್ಲಿ ಸುತ್ತಿ ಸುತ್ತಿ ಕಡಲಿಗೆ ಇಳಿಯುತ್ತದೆ. ಅರಾದೆನಾ ಹಳ್ಳಿಯಿಂದ ಕಮರಿಯೇ ದಾರಿ. ಸಮರಿಯಾ ಹಳ್ಳಿಯಿಂದಲೂ ಅಷ್ಟೆ. ಕಲ್ದೆರಿಮಿ ಎಂದು ಗ್ರೀಕರು ಕರೆಯುವ ಈ ಕಲ್ಲುಹಾಸಿನ ಹಾದಿಗಳನ್ನು ಕತ್ತೆ, ಹೇಸರಗತ್ತೆಗಳ ಹೆಜ್ಜೆಯನ್ನು ಲೆಕ್ಕ ಹಾಕಿ ಕಟ್ಟಿದ್ದಾರೆ. ಅವುಗಳಲ್ಲಿ ಹೆಚ್ಚಿನವು ಬೆಟ್ಟದಿಂದ ನೀರಿಗೆ, ನೀರಿನಿಂದ ಬೆಟ್ಟಕ್ಕೆ. ದಂಡೆಯ ಒಂದು ಊರಿನಿಂದ ಇನ್ನೊಂದಕ್ಕೆ ಹೋಗಲು ದೋಣಿ ಇರುವಾಗ ಬಂಡೆ ಹತ್ತಿ ಇಳಿಯುವ ಹಂಗೇಕೆ?

ಹೀಗೆ ನೋಡಿದರೆ ಇವತ್ತು ನಾವು ಕರಾವಳಿಯ ಹಾದಿ ಎನ್ನುವುದು ಮೇಕೆಯ ಜಾಡು, ಕುರುಬರ ಅಡ್ಡದಾರಿ, ಹಳೆಯ ಕಲ್ದೆರಿಮಿಗಳ ಬುಡದ ತುಂಡುಗಳು ಇವನ್ನೆಲ್ಲ ಸೇರಿಸಿ ಹೊಲಿದ ಕೌದಿ. ಕೌದಿ ಎಂದದ್ದು ಕೀಳುಗಳೆಯಲು ಅಲ್ಲ. ಹೊಲಿಗೆ ಎಲ್ಲಿ ಬಿಗಿಯಾಗಿದೆ, ಎಲ್ಲಿ ಸಡಿಲವಾಗಿದೆ ಎಂದು ನೋಡುವುದು ಈ ಹಾದಿಯ ವಿಮರ್ಶಕನ ಮೊದಲ ಕೆಲಸ ಎಂದು ಹೇಳಲು.

ಸಡಿಲ ತುದಿಯಿಂದಲೇ ಶುರುಮಾಡುತ್ತೇನೆ. ಹೋರಾ ಸ್ಫಾಕಿಯೋನ್‌ನಿಂದ ಪಶ್ಚಿಮಕ್ಕೆ ಹೊರಟವರು ಮೊದಲ ಎರಡೂವರೆ ಕಿಲೋಮೀಟರ್‌ನಷ್ಟು ಡಾಂಬರಿನ ಮೇಲೆ ನಡೆಯಬೇಕು. ಅದು ಅನೋಪೊಲಿಗೆ ಏರುವ ವಾಹನರಸ್ತೆ. ನೆರಳಿಲ್ಲ, ಅಂಚಿಲ್ಲ, ಕಾರುಗಳು ಮೈ ಸವರಿಕೊಂಡು ಹೋಗುತ್ತವೆ. ರಸ್ತೆಯ ಮೊದಲ ಹಿಮ್ಮುರಿ ತಿರುವಿನಲ್ಲಿ ಕಾಲುಹಾದಿ ಕವಲೊಡೆದು ಬಂಡೆಗೋಡೆಯ ಕಡೆ ತಿರುಗುತ್ತದೆ. ಪಶ್ಚಿಮದಿಂದ ಬರುವವರಿಗೆ ಇದು ಕೊನೆಯ ತುಂಡು. ಇಡೀ ದಿನ ಬಿಸಿಲಿನಲ್ಲಿ ನಡೆದು, ಬಂಡೆಯ ಅಂಚನ್ನು ಎಚ್ಚರದಿಂದ ದಾಟಿ ಬಂದವರನ್ನು ಕಾದ ಡಾಂಬರು ಎದುರುಗೊಳ್ಳುತ್ತದೆ. ಹಾದಿ ಕೊನೆಗೊಳ್ಳಲು ಇದಕ್ಕಿಂತ ಕೆಟ್ಟ ಬಗೆ ನನಗೆ ತೋಚುವುದಿಲ್ಲ. ಇಷ್ಟು ಹೆಸರಾದ ಹಾದಿಯ ಹೆಬ್ಬಾಗಿಲು ಇಷ್ಟು ಅಲಕ್ಷ್ಯಕ್ಕೆ ಗುರಿಯಾಗಿರುವುದು ನೋವಿನ ಸಂಗತಿ.

ಈ ಒಂದು ಕಾರಣಕ್ಕೇ ಹೆಚ್ಚಿನ ಕೈಪಿಡಿಗಳ ಸಲಹೆಗೆ ವಿರುದ್ಧವಾಗಿ ಪೂರ್ವದಿಂದ ಪಶ್ಚಿಮಕ್ಕೆ ನಡೆಯುವುದೇ ಸರಿ ಎನ್ನುತ್ತೇನೆ. ಕೆಟ್ಟದ್ದು ಮುಂಜಾವಿನ ತಂಪಿನಲ್ಲಿ ಮುಗಿದುಹೋಗುತ್ತದೆ. ಬೆಳಗಿನ ಬಿಸಿಲು ಬೆನ್ನಿಗಿರುತ್ತದೆ, ಮುಂದಿನ ಬಂಡೆಗಳ ಬಣ್ಣ ಕಣ್ಣು ಕುಕ್ಕದೆ ಕಾಣುತ್ತದೆ. ಹೋಗಹೋಗುತ್ತ ಹಾದಿ ಒಳ್ಳೆಯದಾಗುತ್ತದೆ, ಜನ ಕಡಿಮೆಯಾಗುತ್ತಾರೆ. ಕೊನೆಯಲ್ಲಿ ದೋಣಿ ಹಿಡಿದು ಹಿಂದಿರುಗುವಾಗ ನಡೆದ ಗೆರೆಯನ್ನು ಇಡಿಯಾಗಿ ಕಡಲಿನಿಂದ ನೋಡಲು ಸಿಗುತ್ತದೆ. ಮುಂದೆ ಹೇಳುವಂತೆ ಆ ನೋಟಕ್ಕೂ ತನ್ನದೇ ಬೆಲೆಯಿದೆ.

ರಸ್ತೆ ಬಿಟ್ಟ ಮೇಲಿನ ಅರ್ಧ ತಾಸು ಇಡೀ ಹಾದಿಯಲ್ಲೇ ಅತಿ ಬಿಗಿಯಾದ ಹೊಲಿಗೆ. ಬಂಡೆಗೋಡೆಯ ಹೊಟ್ಟೆಯಲ್ಲಿ ಕೊರೆದ ಕಿರಿದಾದ ಅಂಚು, ಮೇಲೆ ಕಲ್ಲು, ಕೆಳಗೆ ನೇರ ನೀರು. ತಲೆ ತಿರುಗುವವರಿಗೆ ಇದು ಹೇಳಿದ್ದಲ್ಲ. ಗಾಳಿಯ ದಿನ ಯಾರಿಗೂ ಹೇಳಿದ್ದಲ್ಲ. ಅದನ್ನು ದಾಟಿದರೆ ಗ್ಲೀಕಾ ನೆರಾ, ಬೆಣಚುಕಲ್ಲಿನ ದಂಡೆ. ನೀರಿನಂಚಿನ ಜಲ್ಲಿಯನ್ನು ಕೈಯಿಂದ ಕೆದರಿದರೆ ಅಲ್ಲೇ ಸಿಹಿನೀರು ಒಸರುತ್ತದೆ. ಉಪ್ಪುನೀರು ಕೈಯಳತೆಯಲ್ಲಿ ಬಡಿಯುತ್ತಿರುವಾಗ ಜಲ್ಲಿಯೊಳಗಿನ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ. ಲೆಫ್ಕಾ ಓರಿ ಸುಣ್ಣಕಲ್ಲಿನ ಬೆಟ್ಟ. ಚಳಿಗಾಲದ ಹಿಮ ಕರಗಿ ಮೇಲೆ ಹೊಳೆಯಾಗಿ ಹರಿಯುವುದಿಲ್ಲ. ಬಿರುಕುಗಳಲ್ಲಿ ಇಳಿದು, ಬೆಟ್ಟದ ಒಡಲಲ್ಲಿ ಸಾಗಿ, ಕಡಲಮಟ್ಟದಲ್ಲಿ ಹೊರಬರುತ್ತದೆ. ಜನ ಓಡಾಡಿದ ದಿಕ್ಕಿನಲ್ಲೇ ನೀರೂ ಓಡಾಡಿದೆ. ನೆತ್ತಿಯ ಮೇಲೆ ಹುಲ್ಲಿದ್ದರೂ ನೀರು ಕಡಿಮೆ, ಬುಡದಲ್ಲಿ ನೀರಿದ್ದರೂ ಹುಲ್ಲು ಕಡಿಮೆ. ಮೇಲೆ ಕೆಳಗೆ ಅಲೆಯುವ ಕುರುಬರ ಬದುಕಿನ ಅರ್ಧ ಕಾರಣ ಈ ಜಲ್ಲಿಯಲ್ಲೇ ಸಿಗುತ್ತದೆ. ಇದನ್ನು ಹೇಳುವ ಒಂದು ಫಲಕ ಅಲ್ಲಿದ್ದರೆ ಎಷ್ಟು ಚೆನ್ನಾಗಿತ್ತು! ಚಾರಣಿಗರಿಗೆ ಈ ದಂಡೆ ಈಜುವ ತಾಣವಾಗಿ ಮಾತ್ರ ಪರಿಚಯವಾಗುತ್ತದೆ.

ಅಲ್ಲಿಂದ ಲೂತ್ರೊ ಒಂದು ತಾಸಿನ ಸಲೀಸು ನಡಿಗೆ. ತಿರುವು ಕಳೆದದ್ದೇ ಅರ್ಧಚಂದ್ರದ ಕೊಲ್ಲಿ, ಬಿಳಿ ಗೋಡೆ ನೀಲಿ ಕಿಟಕಿಯ ಮನೆಗಳ ಒಂದೇ ಸಾಲು, ಬೆನ್ನಿಗೆ ನೆಟ್ಟನೆ ನಿಂತ ಬೆಟ್ಟ. ಕಾರಿಲ್ಲ, ಬೈಕಿಲ್ಲ. ಚೆಲುವಿಗೆ ಕೊರತೆಯಿಲ್ಲ. ಆದರೆ ಲೂತ್ರೊ ಇವತ್ತು ಊಟದ ಮನೆ ಮತ್ತು ಬಾಡಿಗೆ ಕೋಣೆಗಳ ಊರು. ಅವುಗಳ ಕುರ್ಚಿಗಳು ನೀರಿನಂಚಿನವರೆಗೆ ಬಂದು ನಿಂತಿವೆ. ಅಕ್ಟೋಬರ್ ಕಳೆದರೆ ಹೆಚ್ಚಿನ ಬಾಗಿಲುಗಳು ಮುಚ್ಚುತ್ತವೆ. ಈ ಬದಲಾವಣೆಯನ್ನು ನಾನು ಹಳಿಯಲಾರೆ. ಮೇಯಿಸಿ ಬದುಕಲಾಗದ ಕಲ್ಲಿನ ನಾಡಿನಲ್ಲಿ ಜನ ಉಳಿಯಲು ಪ್ರವಾಸಿಗರು ಒಂದು ದಾರಿ ಮಾಡಿಕೊಟ್ಟಿದ್ದಾರೆ. ನನ್ನ ದೂರು ಬೇರೆಯದು. ಹಾದಿ ಈ ಊರನ್ನು ಬಳಸುವ ರೀತಿ ಸರಿಯಿಲ್ಲ. ಹಳದಿ ಕಪ್ಪು ಗುರುತುಗಳು ಪೂರ್ವದಿಂದ ಬಂದವರನ್ನು ಪಶ್ಚಿಮಕ್ಕೆ ದಾಟಿಸಿ ಕೈತೊಳೆದುಕೊಳ್ಳುತ್ತವೆ. ಊರಿನ ಹಿಂದೆ ಅನೋಪೊಲಿಗೆ ಏರುವ ಹಳೆಯ ಅಂಕುಡೊಂಕಿನ ದಾರಿ, ಕಡಲಿಗೆ ಚಾಚಿದ ಕೋಡುಗಲ್ಲಿನ ಮೇಲಿನ ತುರ್ಕರ ಕೋಟೆ, ಮುಳ್ಳುಪೊದೆಗಳ ನಡುವೆ ಬಿದ್ದಿರುವ ರೋಮನ್ ಕಾಲದ ಅವಶೇಷಗಳು, ಇವು ಕೇಳಿ ಹುಡುಕಿಕೊಂಡು ಹೋದವರಿಗೆ ಮಾತ್ರ.

ಈ ಕೋಡುಗಲ್ಲಿನ ಮೇಲೆ ಒಂದು ತಾಸಾದರೂ ಕಳೆಯದೆ ಮುಂದೆ ಹೋಗುವವರು ಹಾದಿಯ ತಿರುಳನ್ನೇ ಬಿಟ್ಟು ಹೋಗುತ್ತಾರೆ ಎನ್ನುವಷ್ಟು ಅದು ನನಗೆ ಮುಖ್ಯ. ಬೈಬಲಿನ ಹೊಸ ಒಡಂಬಡಿಕೆಯಲ್ಲಿ, ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ 27ನೆಯ ಅಧ್ಯಾಯದಲ್ಲಿ, ಸೆರೆಯಾಳಾಗಿ ರೋಮಿಗೆ ಹೋಗುತ್ತಿದ್ದ ಪೌಲನ ಹಡಗಿನ ಕತೆಯಿದೆ. ಚಳಿಗಾಲ ಕಳೆಯಲು ಆ ಹಡಗು ಮುಟ್ಟಬೇಕೆಂದಿದ್ದ ಬಂದರು ಫೀನಿಕ್ಸ್, ಅಂದರೆ ಈ ಕೋಡುಗಲ್ಲಿನ ಆಸುಪಾಸು. ಮುಟ್ಟಲಾಗಲಿಲ್ಲ. ಬೆಟ್ಟದ ಕಡೆಯಿಂದ ಎರಗಿದ ಬಿರುಗಾಳಿ ಹಡಗನ್ನು ದಕ್ಷಿಣಕ್ಕೆ ತಳ್ಳಿ, ಇವತ್ತಿನ ಗಾವ್ದೊಸ್ ದ್ವೀಪದ ಮಗ್ಗುಲಿಂದ ಸಾಗಿಸಿ, ಕೊನೆಗೆ ಮಾಲ್ಟಾದಲ್ಲಿ ಒಡೆಯಿತು. ಗಾವ್ದೊಸ್ ಯುರೋಪಿನ ದಕ್ಷಿಣದ ತುತ್ತತುದಿ. ತಿಳಿಯಾದ ದಿನ ಹಾದಿಯ ಉದ್ದಕ್ಕೂ ದಿಗಂತದಲ್ಲಿ ಕಾಣುತ್ತಿರುತ್ತದೆ. ಆ ಬಂದರು ಕೋಡುಗಲ್ಲಿನ ಪೂರ್ವಕ್ಕಿರುವ ಲೂತ್ರೊ ಕೊಲ್ಲಿಯೋ, ಪಶ್ಚಿಮಕ್ಕಿರುವ ಫೀನಿಕಾಸ್ ಕೊಲ್ಲಿಯೋ ಎಂಬ ಚರ್ಚೆ ಹಳೆಯದು. ಪುಸ್ತಕ ಹೇಳುವ ಬಂದರು ಪಶ್ಚಿಮದ ಕಡೆ ಬಾಯಿ ತೆರೆದದ್ದು, ಲೂತ್ರೊ ಪೂರ್ವದ ಕಡೆ ತೆರೆದದ್ದು ಎಂಬುದು ಈ ಚರ್ಚೆಯ ಬೇರು.

ಚರ್ಚೆ ಜಟಿಲವಾಗಲು ಇನ್ನೊಂದು ಕಾರಣವೂ ಇದೆ: ಪೌಲನ ಕಾಲದ ತೀರ ಇವತ್ತಿನದಲ್ಲ. ಕ್ರಿ.ಶ. 365ರ ಜುಲೈ 21ರಂದು ಪೂರ್ವ ಮೆಡಿಟರೇನಿಯನ್ನನ್ನು ನಡುಗಿಸಿದ ಭೂಕಂಪದಲ್ಲಿ ಪಶ್ಚಿಮ ಕ್ರೀಟ್ ಕಡಲಿನಿಂದ ಮೇಲೆದ್ದಿತು. ನೈಋತ್ಯ ತುದಿಯಲ್ಲಿ 9 ಮೀಟರ್‌ವರೆಗೆ, ಪೂರ್ವಕ್ಕೆ ಬಂದಂತೆ ಕಡಿಮೆ. ಎದ್ದ ಅಲೆ ದೂರದ ಅಲೆಕ್ಸಾಂಡ್ರಿಯಾವನ್ನು ಬಡಿಯಿತು. ದ್ವೀಪದ ಪಶ್ಚಿಮ ತೀರದ ಫಾಲಸಾರ್ನಾ ಬಂದರಿನ ಹಡಗುಕಟ್ಟೆಗಳು ಈಗ ಒಣನೆಲದ ಮೇಲೆ ನಿಂತಿವೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬ್ರಿಟಿಷ್ ನೌಕಾಪಡೆಯ ಕಪ್ತಾನ ಥಾಮಸ್ ಸ್ಪ್ರಾಟ್ ಈ ತೀರದ ಅಳತೆ ಮಾಡುವಾಗ ಬಂಡೆಗಳ ಮೇಲಿನ ಹಳೆಯ ನೀರಿನ ಗೆರೆಯನ್ನು ಗಮನಿಸಿ, ನೆಲವೇ ಏರಿದೆ ಎಂದು ಗುರುತಿಸಿದ. 1865ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ದಾಖಲಿಸಿದ. ಆ ಗೆರೆ ಇವತ್ತೂ ಕಾಣುತ್ತದೆ. ಅಲೆ ಕೊರೆದ ಕಚ್ಚು, ಕಡಲಜೀವಿಗಳು ತೂತು ಮಾಡಿದ ಕಲ್ಲಿನ ಪಟ್ಟಿ, ಈಗಿನ ನೀರಿಗಿಂತ ಎಷ್ಟೋ ಮೇಲೆ, ಮಟ್ಟ ಹಿಡಿದು ಎಳೆದಂತೆ. ನಡೆಯುವವರ ಕಾಲಡಿಯಲ್ಲೇ ಇರುವುದರಿಂದ ನಡೆಯುವವರಿಗೇ ಇದು ಸರಿಯಾಗಿ ಕಾಣುವುದಿಲ್ಲ. ದೋಣಿಯಿಂದ ನೋಡಬೇಕು. ಹೋಗುವಾಗ ನಡೆದು ಬರುವಾಗ ದೋಣಿ ಹತ್ತಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೆ. ಕಾಲಿಗೆ ದಣಿವಾಗಿದೆ ಎಂಬ ಕಾರಣಕ್ಕೆ ಮಾತ್ರ ದೋಣಿ ಹತ್ತುವವರು ಮೊಬೈಲ್ ನೋಡುತ್ತ ಕೂತು ಇದನ್ನು ಕಳೆದುಕೊಳ್ಳುತ್ತಾರೆ.

ಲೂತ್ರೊದಿಂದ ಮುಂದೆ ಫೀನಿಕಾಸ್, ಲೀಕೋಸ್ ಎಂಬ ಎರಡು ಪುಟ್ಟ ಕೊಲ್ಲಿಗಳು, ಆಮೇಲೆ ಸ್ವಲ್ಪ ಕೈಯೂರಿ ಬಂಡೆ ಹತ್ತಿ ಮಾರ್ಮರಾ ದಂಡೆ. ಅಮೃತಶಿಲೆಯಂತೆ ನುಣುಪಾದ ಬಂಡೆಗಳನ್ನು ಅಲೆ ಕೊರೆದು ಗವಿ ಮಾಡಿದೆ. ಅರಾದೆನಾ ಕಮರಿ ಕಡಲಿಗೆ ಬಾಯಿ ಬಿಡುವುದು ಇಲ್ಲಿಯೇ.

ನನ್ನ ಮಟ್ಟಿಗೆ ಈ ಹಾದಿಯ ತೀರ್ಪು ಆಗುವುದು ಲೂತ್ರೊ ಮತ್ತು ಮಾರ್ಮರಾ ನಡುವೆ. ಗುರುತು ಹಿಡಿದು ದಂಡೆಯಲ್ಲೇ ಹೋದರೆ ಎರಡು ತಾಸು ಹಿಡಿಯದ ಈ ತುಂಡಿನ ಬದಲು ಹಳೆಯ ಕಲ್ದೆರಿಮಿಯಲ್ಲಿ ಅನೋಪೊಲಿಗೆ ಏರಿ, ಅರಾದೆನಾದವರೆಗೆ ಬೆಟ್ಟದ ಮೇಲೆ ನಡೆದು, ಕಮರಿಯಲ್ಲಿ ಮಾರ್ಮರಾಕ್ಕೆ ಇಳಿದರೆ ಒಂದು ಇಡೀ ದಿನ ಬೇಕು. ಮಂಡಿ ದೂರುತ್ತದೆ, ಬೆವರು ಬತ್ತುತ್ತದೆ. ಆದರೆ ಸ್ಫಾಕಿಯಾ ಎಂಬ ನಾಡು ಅರ್ಥವಾಗುವುದು ಆ ಒಂದು ದಿನದಲ್ಲಿ. ಅನೋಪೊಲಿಯ ಚೌಕದಲ್ಲಿ ದಸ್ಕಲೊಯಾನ್ನಿಸ್‌ನ ಪ್ರತಿಮೆಯಿದೆ. ಹಡಗುಗಳ ಒಡೆಯ, ಈ ಊರಿನವನು. 1770ರಲ್ಲಿ ಒಟ್ಟೋಮನ್ ಆಳ್ವಿಕೆಯ ವಿರುದ್ಧ ದಂಗೆ ಎಬ್ಬಿಸಿದ. ರಷ್ಯಾದ ನೆರವು ಬರುತ್ತದೆಂದು ನಂಬಿದ್ದು ಬರಲಿಲ್ಲ. 1771ರಲ್ಲಿ ಶರಣಾದ ಅವನನ್ನು ಇರಾಕ್ಲಿಯೊ ಪಟ್ಟಣದಲ್ಲಿ ಬದುಕಿರುವಾಗಲೇ ಚರ್ಮ ಸುಲಿದು ಕೊಂದರು. ಬೆಟ್ಟದ ಮೇಲೆ ಮನೆ, ಕಡಲಿನಲ್ಲಿ ವ್ಯಾಪಾರ; ಸ್ಫಾಕಿಯಾದ ಕಸುವು ಈ ಎರಡರ ನಡುವಿನ ಏರಿಳಿತದಲ್ಲಿತ್ತು ಎಂಬುದಕ್ಕೆ ಅವನ ಬಾಳೇ ಸಾಕ್ಷಿ. ಅರಾದೆನಾದಲ್ಲಿ ಇನ್ನೊಂದು ಬಗೆಯ ಚರಿತ್ರೆ. ಮನೆತನಗಳ ನಡುವಿನ ರಕ್ತದ ಹಗೆ ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಆ ಊರನ್ನು ಖಾಲಿ ಮಾಡಿಸಿತು. ಪಾಳು ಗೋಡೆಗಳ ಅಂಚಿನಲ್ಲಿ ಬೈಜಾಂಟಿಯನ್ ಕಾಲದ, ದೇವದೂತ ಮಿಖಾಯಿಲನ ಗುಡಿ ಮಾತ್ರ ಗಟ್ಟಿಯಾಗಿ ನಿಂತಿದೆ. ಪಕ್ಕದಲ್ಲೇ 138 ಮೀಟರ್ ಆಳದ ಕಮರಿಯ ಮೇಲೆ 1986ರಲ್ಲಿ ಹಾಕಿದ ಉಕ್ಕಿನ ಸೇತುವೆ. ಆಯಿಯೊಸ್ ಇಯೋಆನ್ನಿಸ್ ಮೂಲದ ವರ್ದಿನೊಯಾನ್ನಿಸ್ ಎಂಬ ಸಿರಿವಂತ ಮನೆತನ ಅದರ ಖರ್ಚು ಕೊಟ್ಟಿತು. ಸೇತುವೆ ಬರುವ ತನಕ ಆಚೆ ಊರಿನವರು ಆ ಆಳವನ್ನು ಪ್ರತಿಸಲ ಇಳಿದು ಹತ್ತುತ್ತಿದ್ದರು. ಕಮರಿಯ ಗೋಡೆಯಲ್ಲಿನ ಕಲ್ಲುಹಾಸಿನ ತಿರುವುಗಳನ್ನು ಕಂಡಾಗ ಆ ಶ್ರಮಕ್ಕೆ ಕೈ ಮುಗಿಯಬೇಕೆನ್ನಿಸುತ್ತದೆ. ಕಟ್ಟಿದವರ ಹೆಸರಿಲ್ಲ, ಆದರೆ ಮಳೆನೀರು ಜಾರಿಹೋಗಲು ಎಲ್ಲಿ ಕಲ್ಲನ್ನು ವಾಲಿಸಬೇಕು, ಹೊರೆ ಹೊತ್ತ ಪ್ರಾಣಿ ತಿರುಗಲು ಎಲ್ಲಿ ಅಗಲ ಬಿಡಬೇಕು ಎಂಬ ಅವರ ತಿಳಿವಳಿಕೆ ಒಂದೊಂದು ಮೆಟ್ಟಿಲಿನಲ್ಲೂ ಓದಲು ಸಿಗುತ್ತದೆ.

ಕರಾವಳಿಯ ಹಾದಿ ಇದಕ್ಕೆಲ್ಲ ಬೆನ್ನು ಹಾಕಿ ಕಡಲನ್ನೇ ನೋಡುತ್ತ ಹೋಗುತ್ತದೆ. ಅದರ ದೊಡ್ಡ ಕೊರತೆ ಇದು.

ಮಾರ್ಮರಾದಿಂದ ಪಶ್ಚಿಮಕ್ಕೆ ಹಾದಿ ಅತ್ಯಂತ ಒಂಟಿ, ಅತ್ಯಂತ ಸುಂದರ. ಏರಿ ಏರಿ ಕಡಲಿಗಿಂತ ಸಾಕಷ್ಟು ಮೇಲೆ ಹೋಗಿ, ಉದುರುಗಲ್ಲಿನ ಇಳಿಜಾರುಗಳನ್ನು ಅಡ್ಡ ಹಾಯ್ದು, ಪೈನ್ ಮರಗಳ ನಡುವೆ ತೂರುತ್ತದೆ. ಬಿಸಿಲಿಗೆ ಕಾದ ಅಂಟಿನ ವಾಸನೆ, ಕಾಲಿಗೆ ತಾಗಿ ನಲುಗಿದ ಥೈಮ್ ಗಿಡಗಳ ವಾಸನೆ, ಎಲ್ಲಿಂದಲೋ ಮೇಕೆಗಳ ಕೊರಳಗಂಟೆ. ತಾಸುಗಟ್ಟಲೆ ಮನೆಯೊಂದೂ ಕಾಣುವುದಿಲ್ಲ. ಸೆಲೂದಾ ದಾರಿ ಮೇಲಿನಿಂದ ಬಂದು ಕೂಡುವ ಕಡೆ ಒಂದು ಕವಲು. ಆಮೇಲೆ ಇಳಿದರೆ ದಂಡೆಯ ಮೇಲೆಯೇ ಕೂತಿರುವ ಆಯಿಯೊಸ್ ಪಾವ್ಲೊಸ್ ಗುಡಿ. ಹತ್ತು ಹನ್ನೊಂದನೆಯ ಶತಮಾನದ ಪುಟ್ಟ ಶಿಲುಬೆಯಾಕಾರದ ಕಟ್ಟಡ. ಅಲ್ಲಿನದೇ ಬೂದು ಕಲ್ಲಿನಿಂದ ಕಟ್ಟಿದ್ದರಿಂದ ಹತ್ತಿರ ಬರುವ ತನಕ ದಂಡೆಯ ಬಂಡೆ ಎನ್ನಿಸುತ್ತದೆ. ಪೌಲ ಇಲ್ಲಿ ಇಳಿದು ಜನರಿಗೆ ದೀಕ್ಷಾಸ್ನಾನ ಮಾಡಿಸಿದ ಎಂದು ಊರಿನವರ ನಂಬಿಕೆ. ಬೈಬಲಿನ ಕತೆಯಲ್ಲಿ ಇದಿಲ್ಲ. ಆದರೆ ಬಿರುಗಾಳಿಗೆ ಸಿಕ್ಕಿ ಮುಟ್ಟಲಾಗದೆ ಹೋದವನಿಗೆ ಮುಟ್ಟಲೊಂದು ದಂಡೆಯನ್ನು ಕೊಟ್ಟ ಆ ನಂಬಿಕೆ ನನಗೆ ಪ್ರಿಯ. ಇಡೀ ಕರಾವಳಿಯಲ್ಲಿ ಒಂದೇ ಕಟ್ಟಡ ನೋಡಬೇಕೆಂದರೆ ನಾನು ತೋರಿಸುವುದು ಇದನ್ನೇ.

ಇದೇ ತುಂಡು ಹಾದಿಯಲ್ಲಿ ಅತಿ ಅಪಾಯದ್ದೂ ಹೌದು. ಲೂತ್ರೊದಿಂದ ಆಯಿಯಾ ರುಮೇಲಿಗೆ ಐದಾರು ತಾಸು. ಮಾರ್ಮರಾ ದಾಟಿದ ಮೇಲೆ ನೆಚ್ಚಿಕೊಳ್ಳಬಹುದಾದ ನೀರು ಎಂದರೆ ಆಯಿಯೊಸ್ ಪಾವ್ಲೊಸ್‌ನಲ್ಲಿ ಋತುವಿನಲ್ಲಿ ಮಾತ್ರ ತೆರೆಯುವ ಊಟದ ಮನೆಯದು. ಹಳ್ಳಿಯಿಂದ ಹಳ್ಳಿಗೆ ಕಡಲಂಚಿನ ನಡಿಗೆ ಎಂಬ ಮಾತೇ ಮನಸ್ಸನ್ನು ಹಗುರ ಮಾಡಿಬಿಡುತ್ತದೆ. 2024ರ ಜೂನ್‌ನಲ್ಲಿ ಬ್ರಿಟನ್ನಿನ ಹೆಸರಾಂತ ವೈದ್ಯ, ದೂರದರ್ಶನ ನಿರೂಪಕ ಮೈಕೆಲ್ ಮೋಸ್ಲಿ ಗ್ರೀಸ್‌ನ ಸಿಮಿ ದ್ವೀಪದಲ್ಲಿ ಇಂಥದೇ ಒಂದು ತೀರದ ನಡಿಗೆಗೆ ಹೊರಟು, ಮಧ್ಯಾಹ್ನದ ಬಿಸಿಲಿನಲ್ಲಿ ದಾರಿ ಮುಗಿಯುವ ಮುನ್ನ ತೀರಿಕೊಂಡರು. ಅದೇ ಬೇಸಿಗೆಯಲ್ಲಿ ಗ್ರೀಕ್ ದ್ವೀಪಗಳಲ್ಲಿ ಇನ್ನೂ ಕೆಲವು ಚಾರಣಿಗರು ಹಾಗೆಯೇ ಸತ್ತರು. ಬೆಟ್ಟ ಹತ್ತುವವರು ಹೆದರಿಕೆಯಿಂದಲಾದರೂ ನೀರು ಹೊರುತ್ತಾರೆ. ಕಡಲು ಕಾಣುತ್ತಿರುವಾಗ ಆ ಎಚ್ಚರ ಸಡಿಲವಾಗುತ್ತದೆ. ಜುಲೈ ಆಗಸ್ಟ್‌ನಲ್ಲಿ ಈ ಹಾದಿಯನ್ನು ನಡೆಯಬಾರದು, ಏಪ್ರಿಲ್ ಮೇ ಅಥವಾ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ತಕ್ಕ ಕಾಲ. ಇದನ್ನು ಹಾದಿಯ ಎರಡೂ ತುದಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ನಿಲ್ಲಿಸಬೇಕು. ಗುರುತಿನ ವಿಷಯದಲ್ಲೂ ಇ4 ನಂಬಿಕೆಗೆ ಅರ್ಹವಲ್ಲ. ಕಂಬಗಳು ಬಿದ್ದಿರುತ್ತವೆ, ಫಲಕಗಳು ತುಕ್ಕು ಹಿಡಿದಿರುತ್ತವೆ, ಕೆಲವಕ್ಕೆ ಗುಂಡಿನ ತೂತು ಬಿದ್ದಿರುತ್ತದೆ. ಅಥೆನ್ಸ್‌ನ ಅನಾವಾಸಿ ಪ್ರಕಾಶನದ ನಕ್ಷೆ ಜೊತೆಗಿರಲೇಬೇಕು. ಕೆಲವು ಕಡೆ ದಾರಿ ತೋರಿಸುವುದು ಯಾರೋ ನಡೆದವರು ಪೇರಿಸಿಟ್ಟ ನಾಲ್ಕು ಕಲ್ಲು ಮಾತ್ರ.

ಆಯಿಯಾ ರುಮೇಲಿ ತಲುಪಿದಾಗ ಸಂಜೆಯಾಗಿದ್ದರೆ ಎದುರಾಗುವುದು ಜನಜಂಗುಳಿ. ಇವರು ಕರಾವಳಿ ನಡೆದು ಬಂದವರಲ್ಲ. ಸಮರಿಯಾ ಕಮರಿ ಇಳಿದು ಬಂದವರು. 1,200 ಮೀಟರಿಗೂ ಎತ್ತರದ ಓಮಾಲೋಸ್ ಅಂಚಿನಿಂದ 16 ಕಿಲೋಮೀಟರ್ ಇಳಿದು, ಗೋಡೆಗಳು ಮೂರು ನಾಲ್ಕು ಮೀಟರ್ ಅಂತರಕ್ಕೆ ಬರುವ ಕಿರುಬಾಗಿಲನ್ನು ದಾಟಿ, ಕಾಲು ನೀರಿಗಿಟ್ಟು, ಸಂಜೆಯ ಹಡಗಿನಲ್ಲಿ ಹೋರಾ ಸ್ಫಾಕಿಯೋನ್‌ಗೆ, ಅಲ್ಲಿಂದ ಬಸ್ಸಿನಲ್ಲಿ ಹೋಟೆಲಿಗೆ. ಬೇಸಿಗೆಯ ದಿನಗಳಲ್ಲಿ ನೂರಾರು ಜನ, ಕೆಲವೊಮ್ಮೆ ಸಾವಿರಕ್ಕೂ ಮೀರಿ. ಗಂಭೀರ ಚಾರಣಿಗರು ಈ ಗುಂಪನ್ನು ಕಂಡು ಮೂಗು ಮುರಿಯುತ್ತಾರೆ. ನಾನು ಒಪ್ಪುವುದಿಲ್ಲ. ಬೆಟ್ಟದಿಂದ ಕಡಲಿಗೆ ಇಳಿದು, ಕಡಲಿನಲ್ಲಿ ದೋಣಿ ಹತ್ತಿದ ಆ ಗುಂಪು ಸ್ಫಾಕಿಯಾದವರ ಹಳೆಯ ಪದ್ಧತಿಯಂತೆಯೇ ಓಡಾಡಿದೆ. 1941ರ ಮೇ ತಿಂಗಳಲ್ಲಿ ಜರ್ಮನ್ ಸೈನಿಕರು ಆಕಾಶದಿಂದ ಕ್ರೀಟ್‌ಗೆ ಇಳಿದಾಗ ಗ್ರೀಸ್‌ನ ದೊರೆ ಎರಡನೆಯ ಜಾರ್ಜ್ ಬೆಟ್ಟ ದಾಟಿ ಆಯಿಯಾ ರುಮೇಲಿಗೆ ಇಳಿದು ಬ್ರಿಟಿಷ್ ಯುದ್ಧನೌಕೆ ಹತ್ತಿದ. ವಾರದ ಬಳಿಕ ಸೋತ ಬ್ರಿಟಿಷ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೈನಿಕರು ಬೆಟ್ಟದ ಮೇಲಿನಿಂದ ಹೋರಾ ಸ್ಫಾಕಿಯೋನ್‌ಗೆ ಇಳಿದು, ಮೇ 28ರಿಂದ ನಾಲ್ಕು ರಾತ್ರಿ ಹಡಗು ಹತ್ತಿದರು. ಹತ್ತಲಾಗದೆ ಉಳಿದ ಸಾವಿರಾರು ಜನ ಜೂನ್ 1ರಂದು ಶರಣಾದರು. ಬಂದರಿನಲ್ಲಿ ಅವರ ನೆನಪಿನ ಕಲ್ಲಿದೆ. ಕಾಲಿಗೆ ಏರಿಳಿತ, ದೋಣಿಗೆ ಅಡ್ಡಹಾಯುವಿಕೆ ಎಂಬ ಈ ನಾಡಿನ ನಿಯಮ ಯುದ್ಧದಲ್ಲೂ ತಪ್ಪಲಿಲ್ಲ. ಸಮರಿಯಾ ಪದ್ಧತಿಯ ಬಗ್ಗೆ ಕೇಳಬೇಕಾದ ಪ್ರಶ್ನೆ ಬೇರೆ: 1962ರಲ್ಲಿ ಕಮರಿಯನ್ನು ರಾಷ್ಟ್ರೀಯ ಉದ್ಯಾನ ಮಾಡಿದಾಗ ಅದರೊಳಗಿನ ಸಮರಿಯಾ ಹಳ್ಳಿಯ ಜನರನ್ನು ಹೊರಗೆ ಸಾಗಿಸಿದರು. ಕ್ರಿ-ಕ್ರಿ ಎಂಬ ಕಾಡುಮೇಕೆ ಉಳಿಯಿತು, ಮನೆಗಳು ಖಾಲಿಯಾದವು. ಜನರಿಲ್ಲದ ಪ್ರಕೃತಿಯೇ ಶುದ್ಧ ಪ್ರಕೃತಿ ಎಂಬ ಎಣಿಕೆಯನ್ನು ಪ್ರವಾಸಿಗರು ಅಲ್ಲಿ ಟಿಕೆಟ್ ಕೊಟ್ಟು ಕಲಿಯುತ್ತಾರೆ, ಕರಾವಳಿಯ ಹಾದಿಗೂ ಅದನ್ನೇ ಹೊತ್ತು ತರುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೂ ಈ ಹಾದಿ ನಡೆಯಲೇಬೇಕಾದದ್ದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಮೆಡಿಟರೇನಿಯನ್ ದ್ವೀಪಗಳ ತೀರವನ್ನು ರಸ್ತೆಯೂ ಹೋಟೆಲೂ ನುಂಗುತ್ತ ಬಂದಿರುವ ಕಾಲದಲ್ಲಿ ಎರಡು ಊರುಗಳ ನಡುವೆ ಕಾಲು ಮತ್ತು ದೋಣಿ ಮಾತ್ರ ಉಳಿದಿರುವ ಇಂಥ ತುಂಡುಗಳು ಬೆರಳೆಣಿಕೆಯವು. ಈ ತೀರದ ಬೇರು ಬೆಟ್ಟದಲ್ಲಿದೆ ಎಂಬುದೂ ಸಂಜೆ ಲೂತ್ರೊದಲ್ಲಿ ಸ್ಫಾಕಿಯಾದ ಪೈ ತಿನ್ನಲು ಕೂತಾಗ ಗೊತ್ತಾಗುತ್ತದೆ. ಹುಳಿಯಿಲ್ಲದ ಮಿಝಿಥ್ರಾ ಗಿಣ್ಣನ್ನು ಕಣಕದೊಳಗಿಟ್ಟು ತೆಳ್ಳಗೆ ತಟ್ಟಿ ಬೇಯಿಸಿ, ಮೇಲೆ ಜೇನು ಸುರಿದ ತಿನಿಸು. ಮೇಕೆಯೂ ಜೇನೂ ಮೇಲಿನ ಬೆಟ್ಟದವು. ತಟ್ಟೆಯಲ್ಲಿರುವ ಯಾವುದೂ ಕಡಲಿನದಲ್ಲ.

ಆದರೆ ಲಿವಾನಿಯಾನಾ ಹಳ್ಳಿಯ ಮೂಲಕ ಬೆಟ್ಟದಿಂದ ಇಳಿಯುವ ವಾಹನದ ದಾರಿ ಈಗಾಗಲೇ ಫೀನಿಕಾಸ್ ಕಡೆಯ ತೀರಕ್ಕೆ ಬಂದಿದೆ. ಲೂತ್ರೊಗೆ ಉಳಿದಿರುವುದು ಒಂದು ಕೋಡುಗಲ್ಲಿನ ಅಂತರ. ರಸ್ತೆ ಬೇಕೇ ಬೇಡವೇ ಎಂದು ಹೇಳುವ ಹಕ್ಕು ನಡೆಯಲು ಬರುವ ನಮಗಿಲ್ಲ. ಚಳಿಗಾಲದ ರಾತ್ರಿ ಹೊಟ್ಟೆನೋವು ಬಂದ ಮಗುವಿನ ತಾಯಿಗೆ ಅದು ಇದೆ. ನಾವು ಕೇಳಬಹುದಾದದ್ದು ಇಷ್ಟು: ಇ4ರ ಮುಂದಿನ ದುರಸ್ತಿಗೆ ಹಣ ಬಂದಾಗ ಅದು ಕಡಲಂಚಿನ ಹೊಸ ಕಂಬಗಳಿಗೆ ಹೋಗುವ ಮೊದಲು ಲೂತ್ರೊ ಅನೋಪೊಲಿ ಏರಿನ ಕುಸಿದ ಕಲ್ಲುಗಳಿಗೆ, ಸೆಲೂದಾದ ಸಡಿಲವಾದ ಮೆಟ್ಟಿಲುಗಳಿಗೆ, ಅರಾದೆನಾ ಕಮರಿಯ ತಿರುವುಗಳಿಗೆ ಹೋಗಲಿ. ಗಾರೆಯಿಲ್ಲದೆ ಕಲ್ಲು ಕೂರಿಸುವ ಕೈಗಳು ಮೇಲಿನ ಊರುಗಳಲ್ಲಿ ಇನ್ನೂ ಸಿಗುತ್ತಿರುವಾಗಲೇ ಆ ಕೆಲಸ ಆಗಬೇಕು.